ಪಹಣಿಯ ಪ್ರತಿ

ಬೆಲ್ವ್ಯೂ ಡೌನ್‌ಟೌನ್ ಪಾರ್ಕಿನಲ್ಲಿ ದುಂಡಗಿನ ಕಾಲುವೆಯೊಂದಿದೆ. ಅದರ ಪಕ್ಕದ ದಾರಿಯಲ್ಲಿ ಅರ್ಧ ಮೈಲಿ ನಡೆದರೆ ಹೊರಟಲ್ಲಿಗೇ ಬರುತ್ತೇವೆ. ಪ್ರೋಗ್ರಾಮಿನಲ್ಲಿ ಸಿಕ್ಕಿಕೊಂಡಾಗಲೆಲ್ಲ ನಾನು ಅಲ್ಲಿ ಸುತ್ತು ಹಾಕುತ್ತೇನೆ. ಆ ಸಂಜೆ ಮಾತ್ರ ಸಿಕ್ಕಿಕೊಂಡಿದ್ದೇನೆಂಬುದೇ ಗೊತ್ತಿಲ್ಲದೆ ಖುಷಿಯಲ್ಲಿ ಸುತ್ತುತ್ತಿದ್ದೆ.

ನದಿಗಳ ಪ್ರವಾಹವನ್ನು ಲೆಕ್ಕ ಹಾಕುವ ಫೋರ್ಟ್ರಾನ್ ಪ್ರೋಗ್ರಾಮು ನನ್ನ ಪಾಲಿನ ಕೆಲಸ. ಅದರಲ್ಲಿ ಒಂದೊಂದು ನದಿಯೂ ಒಂದೊಂದು ಆಬ್ಜೆಕ್ಟ್. ಅದರೊಳಗೆ ದಂಡೆಯ ಎತ್ತರಗಳ ಅರೇ. ಒಂದು ನದಿಗೆ ಐವತ್ತು ಅಳತೆ, ಇನ್ನೊಂದಕ್ಕೆ ಐದು ಸಾವಿರ. ಎಷ್ಟು ಜಾಗ ಬೇಕೆಂಬುದು ಫೈಲು ಓದುವವರೆಗೆ ತಿಳಿಯದು. ಫೋರ್ಟ್ರಾನ್ 90ರಲ್ಲಿ ಇದಕ್ಕಿದ್ದ ದಾರಿ ಪಾಯಿಂಟರ್. ಆಬ್ಜೆಕ್ಟಿನಲ್ಲಿ ಅಂಕಿಗಳಿರುವುದಿಲ್ಲ, ಅವು ಇರುವ ಜಾಗದ ವಿಳಾಸ ಇರುತ್ತದೆ. ಆಗ ಕಲಿತ ಕೈ ಈಗಲೂ ಹಾಗೇ ಬರೆದಿತ್ತು.

ಒಂದು ದಂಡೆಯನ್ನು ಎತ್ತರಿಸಿದರೆ ಎದುರು ದಂಡೆಯ ಮನೆಗಳಿಗೆ ನೀರು ನುಗ್ಗುತ್ತದೆಯೇ ಎಂಬುದು ಪ್ರಶ್ನೆ. ನದಿಯ ಆಬ್ಜೆಕ್ಟನ್ನು ನಕಲು ಮಾಡಿ, ನಕಲಿನಲ್ಲಿ ದಂಡೆ ಏರಿಸಿ, ಎರಡನ್ನೂ ಓಡಿಸಿ ನೋಡಿದೆ. ವ್ಯತ್ಯಾಸ ಎಲ್ಲ ಕಡೆ ಸೊನ್ನೆ! 'ಯಾರಿಗೂ ತೊಂದರೆಯಿಲ್ಲ' ಎಂದು ವರದಿ ಬರೆದೆ. ಬೆಳಿಗ್ಗೆ ಕಳಿಸಿದರಾಯಿತೆಂದು ವಾಕಿಂಗಿಗೆ ಹೊರಟೆ.

ಆಗ ಊರಿನಿಂದ ಅಣ್ಣನ ಫೋನು. ಬೇಲಿಯ ಹತ್ತಿರದ ಹಲಸಿನ ಮರ ಗಾಳಿಗೆ ಬಿತ್ತಂತೆ. ಹಿಂದಿನ ವಾರವಷ್ಟೇ ಅವನು ತೋಟದ ಪಹಣಿಯ ಪ್ರತಿಯನ್ನು ವಾಟ್ಸಾಪಿನಲ್ಲಿ ಕಳಿಸಿದ್ದ. "ನನ್ನ ಪ್ರತಿಯಲ್ಲಿ ಮರ ಇನ್ನೂ ಇದೆಯಲ್ಲ" ಎಂದು ತಮಾಷೆ ಮಾಡಿದೆ.

"ನಿನ್ನ ಹತ್ತಿರ ಇರೋದು ಕಾಗದ ಕಣೋ. ತೋಟ ಒಂದೇ, ಅದು ಇಲ್ಲಿದೆ" ಅಂದ.

ನಡೆಯುತ್ತಿದ್ದವನು ನಿಂತೆ. ಕೂದಲೆಳೆಯಷ್ಟೂ ವ್ಯತ್ಯಾಸವಿಲ್ಲದ ಸೊನ್ನೆ ಬರುವುದಾದರೂ ಹೇಗೆ? ನಾನು ನಕಲು ಮಾಡಿದ್ದು ಪಹಣಿಯನ್ನು, ತೋಟವನ್ನಲ್ಲ. ನಕಲಿನ ದಂಡೆ ಏರಿಸಿದಾಗ ಮೂಲದ್ದೂ ಏರಿತ್ತು. ಏರಿಸಿದ ದಂಡೆಯನ್ನು ಏರಿಸಿದ ದಂಡೆಗೇ ಹೋಲಿಸಿದ್ದೆ.

ಪಾಯಿಂಟರಿನ ಉಳಿದ ರಗಳೆಗಳೂ ಪಹಣಿಯವೇ. ಒಬ್ಬ ಜಮೀನು ಮಾರಿಬಿಟ್ಟರೆ ಇನ್ನೊಬ್ಬನ ಕೈಯಲ್ಲಿ ಉಳಿದ ಹಳೇ ಕಾಗದ ಅವನನ್ನು ಬೇರೆಯವರ ಹೊಲಕ್ಕೆ ಕರೆದೊಯ್ಯುತ್ತದೆ. ಎಲ್ಲರೂ ಕಾಗದ ಕಳೆದುಕೊಂಡರೆ ಜಮೀನು ಯಾರಿಗೂ ಸಿಗದೆ ಪಾಳು ಬೀಳುತ್ತದೆ. ಮೆಮೊರಿ ಸೋರುವುದೆಂದರೆ ಅದೇ.

ಮನೆಗೆ ಬಂದವನೇ ಪಾಯಿಂಟರ್ ಎಂದಿದ್ದಲ್ಲಿ ಅಲೊಕೇಟೆಬಲ್ ಎಂದು ಬದಲಿಸಿದೆ. ಆಬ್ಜೆಕ್ಟಿನೊಳಗೆ ಇದನ್ನು ಇಡಲು ಫೋರ್ಟ್ರಾನ್ 2003ರಲ್ಲಿ ಅವಕಾಶವಿದೆ. ಗಾತ್ರವನ್ನು ಪ್ರೋಗ್ರಾಮು ಓಡುವಾಗಲೇ ನಿರ್ಧರಿಸಬಹುದು; ನಕಲು ಮಾಡಿದರೆ ಅಂಕಿಗಳೇ ನಕಲಾಗುತ್ತವೆ; ಕೆಲಸ ಮುಗಿದ ಮೇಲೆ ಜಾಗ ತಾನಾಗಿ ತೆರವಾಗುತ್ತದೆ. ಪಾಯಿಂಟರನ್ನು ಒಂದೇ ಕಡೆ ಉಳಿಸಿದೆ, ಎರಡು ನದಿ ಸೇರುವಲ್ಲಿ. ಕೂಡಲಿಯಲ್ಲಿ ತುಂಗೆಗೊಂದು ಭದ್ರೆಗೊಂದು ಎಂದು ಎರಡು ಸಂಗಮಗಳಿಲ್ಲವಲ್ಲ. ಅಲ್ಲಿ ಇಬ್ಬರ ಕೈಯಲ್ಲೂ ಒಂದೇ ವಿಳಾಸ ಇರುವುದೇ ಸರಿ.

ಮತ್ತೆ ಓಡಿಸಿದಾಗ ಎದುರು ದಂಡೆಯಲ್ಲಿ ನೀರು ಏರಿತು. ಮನೆಗಳಿದ್ದ ಕಡೆಗೇ. ವರದಿಯ ಆ ವಾಕ್ಯವನ್ನು ಅಳಿಸಿ, ಎಲ್ಲಿ ಎಷ್ಟು ಏರುತ್ತದೆಂದು ಬರೆಯುವಷ್ಟರಲ್ಲಿ ನಡುರಾತ್ರಿ.

ವಾರದ ಮೇಲೆ ಅಣ್ಣನಿಗೆ ಇದನ್ನೆಲ್ಲ ವಿವರಿಸಿದೆ. ಪೂರ್ತಿ ಕೇಳಿಸಿಕೊಂಡು, "ಇಷ್ಟು ತಿಳಿಯೋಕೆ ಅಮೆರಿಕಕ್ಕೆ ಹೋಗಬೇಕಿತ್ತೇನೋ?" ಅಂದ.