ಹೇಮಂತದ ಲೇಪ

ಹೇಮಂತ ಋತುವಿನಲ್ಲಿ ಅಮೆರಿಕದ ಮಿನಿಸೋಟಾ ಪ್ರಾಂತದ ಸರೋವರಗಳೆಲ್ಲ ಹೆಪ್ಪುಗಟ್ಟುವುವು. ಸಂಜೆ ಐದಾಗುವ ಮೊದಲೇ ದೀಪ ಹಚ್ಚಬೇಕಾಗುವುದು. ಆ ದಿನಗಳಲ್ಲಿ ಮನೆಮನೆಯಲ್ಲಿಯೂ ಕೇಕು ಬೇಯುವುದು. ಅದರ ಮೇಲೆ ಬೆಣ್ಣೆ ಸಕ್ಕರೆಗಳ ಲೇಪವೊಂದನ್ನು ಹಚ್ಚುವರು. ಇದಕ್ಕೆ ಫ್ರಾಸ್ಟಿಂಗ್ ಎಂದು ಹೆಸರು. ಹೊರಗೆ ಬೇಕಾದಷ್ಟು ಹಿಮವಿದ್ದರೂ ಒಳಗಿನ ತಿಂಡಿಗೂ ಹಿಮದ ಹೆಸರನ್ನೇ ಇಟ್ಟ ಜನರ ರಸಿಕತೆ ಮೆಚ್ಚತಕ್ಕದ್ದು.

ಶಿರಸಿ ಸೀಮೆಯ ಅಡಕೆ ತೋಟದ ಮನೆಯೊಂದರ ಮಗಳು ಅಲ್ಲಿ ಸಂಸಾರ ಹೂಡಿದ್ದಾಳೆ. ಪತ್ನೀವಿಯೋಗವಾದ ತಂದೆಯನ್ನು ಈ ಚಳಿಗಾಲ ತನ್ನಲ್ಲಿಗೆ ಕರೆಸಿಕೊಂಡಿದ್ದಳು. ಅವರಿಗಾಗಿ ಮೊಟ್ಟೆಯ ಬದಲು ಮೊಸರು ಹಾಕಿ ಕೇಕು ಬೇಯಿಸಿದಳು. ಲೇಪದ ವಿಷಯದಲ್ಲಿ ಮಾತ್ರ ಅವಳು ಎರಡು ದಿನ ಯೋಚಿಸಿದ್ದಳು. ಡಬ್ಬಿಯಲ್ಲಿ ತಾಯಿ ಕಳುಹಿಸಿದ್ದ ವೆನಿಲಾ ಕೋಡುಗಳಲ್ಲಿ ಒಂದೇ ಉಳಿದಿತ್ತು. ಆ ಬಳ್ಳಿಯ ಹೆಸರನ್ನೋ ತಂದೆಯ ಎದುರಿಗೆ ಎತ್ತುವಂತಿರಲಿಲ್ಲ.

ಕಾರಣವಿಲ್ಲದೆ ಇಲ್ಲ. 2000ರಲ್ಲಿ ಮಡಗಾಸ್ಕರ್ ದ್ವೀಪಕ್ಕೆ ಚಂಡಮಾರುತ ಬಡಿದ ಮೇಲೆ ವೆನಿಲಾದ ಬೆಲೆ ಆಕಾಶಕ್ಕೇರಿತು. ಮಲೆನಾಡಿನ ಅನೇಕರಂತೆ ಅವರೂ ಸಾಲ ತೆಗೆದು, ದುಬಾರಿ ಬೆಲೆಗೆ ಬಳ್ಳಿಯ ತುಂಡುಗಳನ್ನು ಕೊಂಡು ಅಡಕೆ ಮರಗಳ ನಡುವೆ ನೆಟ್ಟರು. ಬಳ್ಳಿ ಹೂ ಬಿಡಲು ಸುಮಾರು ಮೂರು ವರ್ಷ ಬೇಕು. ಇವರ ತೋಟದಲ್ಲಿ ಹೂ ಕಂಡಾಗ ಬೆಲೆ ಪಾತಾಳ ಸೇರಿತ್ತು. ಒಂದು ಬೆಳಿಗ್ಗೆ ಕತ್ತಿ ಹಿಡಿದು ಬಳ್ಳಿಗಳನ್ನೆಲ್ಲ ಸವರಿಬಿಟ್ಟರು. ಕೊಟ್ಟಿಗೆಯ ಹಿಂದಿನ ಒಂದನ್ನು ಮಾತ್ರ ಪತ್ನಿ ಉಳಿಸಿಕೊಂಡರು. ಇವರು ಕಂಡೂ ಕಾಣದಂತಿದ್ದರು.

ಮೆಕ್ಸಿಕೋ ದೇಶದ ಅಡವಿಯ ಈ ಬಳ್ಳಿಗೆ ನಮ್ಮ ನಾಡಿನಲ್ಲಿ ತಕ್ಕ ಜೇನಿಲ್ಲ. ಹೂ ಬೆಳಿಗ್ಗೆ ಅರಳಿ ಅದೇ ದಿನ ಬಾಡುವುದು. ಅಷ್ಟರೊಳಗೆ ಸಣ್ಣ ಕಡ್ಡಿಯಿಂದ ಒಳಗಿನ ಪೊರೆಯನ್ನೆತ್ತಿ ಪರಾಗವನ್ನು ಹೆಬ್ಬೆರಳಿನಿಂದ ಒತ್ತಬೇಕು. ಈ ಉಪಾಯವನ್ನು 1841ರಲ್ಲಿ ರಿಯೂನಿಯನ್ ದ್ವೀಪದಲ್ಲಿ ಕಂಡುಹಿಡಿದವನು ಎಡ್ಮಂಡ್ ಎಂಬ ಹನ್ನೆರಡು ವರ್ಷದ ಗುಲಾಮ ಬಾಲಕ. ಜಗತ್ತು ಅದರಿಂದ ಧನಿಕವಾಯಿತು. ಅವನು 1880ರಲ್ಲಿ ಬಡವನಾಗಿಯೇ ತೀರಿಕೊಂಡನು. ಕೋಡು ಬಲಿಯಲು ಎಂಟೊಂಬತ್ತು ತಿಂಗಳು. ಬಳಿಕ ಬಿಸಿನೀರಿನಲ್ಲಿ ಅದ್ದಿ, ಕಂಬಳಿಯಲ್ಲಿ ಬೆವರಿಸಿ, ಬಿಸಿಲು ನೆರಳು ತೋರಿಸುತ್ತ ತಿಂಗಳುಗಟ್ಟಲೆ ಕಾಯಬೇಕು. ಹಸಿ ಕೋಡಿಗೆ ಪರಿಮಳವೇ ಇಲ್ಲ. ಅಷ್ಟನ್ನೂ ಆ ತಾಯಿ ವರ್ಷವರ್ಷವೂ ಮಾಡಿ ಮಗಳಿಗೆ ಕಳುಹಿಸುತ್ತಿದ್ದರು.

ಲೇಪಕ್ಕೆ ಕಾಲು ಕಿಲೋ ಬೆಣ್ಣೆಗೆ ಅರ್ಧ ಕಿಲೋ ಸಕ್ಕರೆ. ಸಕ್ಕರೆಯನ್ನು ನುಣ್ಣಗೆ ಪುಡಿಮಾಡಿ ಜರಡಿ ಹಿಡಿಯತಕ್ಕದ್ದು. ಬೆಣ್ಣೆ ಬೆರಳೊತ್ತಿದರೆ ತಗ್ಗುವಷ್ಟು ಮೆತ್ತಗಿರಬೇಕು, ಕರಗಿರಬಾರದು. ಕರಗಿದ ಬೆಣ್ಣೆಯಲ್ಲಿ ಗಾಳಿ ನಿಲ್ಲದು, ಲೇಪ ಹಗುರಾಗದು. ಚಮಚ ಬೆಣ್ಣೆಯಲ್ಲಿ ದಾಲ್ಚಿನ್ನಿ, ಜಾಯಿಕಾಯಿ, ಏಲಕ್ಕಿಗಳ ಪುಡಿಯನ್ನು ಬೆಚ್ಚಗೆ ಮಾಡಿ ಆರಿಸಿ ಸೇರಿಸಿದರೆ ಗಂಧವು ಜಿಡ್ಡಿನಲ್ಲಿ ಚೆನ್ನಾಗಿ ಹರಡುವುದು. ಲವಂಗ ಅತ್ಯಲ್ಪವಿರಲಿ, ಅದು ಉಳಿದವರಿಗೆ ಮಾತನಾಡಲು ಬಿಡದ ಅತಿಥಿಯಂತೆ. ತ್ವಕ್, ಏಲಾ, ಪತ್ರಗಳನ್ನು ತ್ರಿಜಾತಕವೆಂದು ಹೆಸರಿಸಿದ ನಮ್ಮ ವೈದ್ಯರು ವೆನಿಲಾವನ್ನು ಕಂಡವರಲ್ಲ. ಕಂಡಿದ್ದರೆ ಅದಕ್ಕೂ ಒಂದು ಗಣ ಕಲ್ಪಿಸುತ್ತಿದ್ದರು.

ಆ ದಿನ ಅವಳು ತಣ್ಣನೆಯ ಹಾಲು ಹೊಯ್ದಳು. ಲೇಪ ಒಡೆದು ತರಿತರಿಯಾಯಿತು. ಕೊನೆಯ ಕೋಡಿನ ತಿರುಳು ಅದರಲ್ಲಿತ್ತು. ಕ್ಷಣಕಾಲ ಅವಳ ಕೈಕಾಲು ಆಡಲಿಲ್ಲ. ಆಮೇಲೆ ಪಾತ್ರೆಯ ತಳವನ್ನು ಬೆಚ್ಚನೆಯ ನೀರಿನಲ್ಲಿ ಹಿಡಿದು ತೆಗೆದು, ಮತ್ತೆ ಮತ್ತೆ ಕಡೆದಳು. ನಿಧಾನವಾಗಿ ಕೂಡಿಕೊಂಡಿತು. ಕೇಕು ಪೂರ್ತಿ ಆರಿದ ಮೇಲೆ ಹಚ್ಚಿದಳು.

ತಂದೆ ತುತ್ತನ್ನು ಬಾಯಿಗಿಟ್ಟು ಬಹಳ ಹೊತ್ತು ಸುಮ್ಮನಿದ್ದರು.

“ಕೊಟ್ಟಿಗೆ ಹಿಂದಿನದೋ?” ಎಂದರು.

“ಹೌದು ಅಪ್ಪಯ್ಯ. ಆಯಿ ಕಳಿಸಿದ್ದು. ಇದೇ ಕೊನೆಯದು.”

ಹೋದ ಸಲ ಬಳ್ಳಿ ತುಂಬ ಹೂ ಬಿಟ್ಟು, ಮುಟ್ಟುವ ಕೈಯಿಲ್ಲದೆ ಉದುರಿದ್ದನ್ನು ಅವರು ಕಂಡಿದ್ದರು. ಈಗ ಮತ್ತೆ ಮೊಗ್ಗು ಹಿಡಿಯುವ ಕಾಲ ಬರುತ್ತಲಿತ್ತು. ಕಿಟಕಿಯ ಆಚೆ ಸುರಿಯುತ್ತಿದ್ದ ಹಿಮವನ್ನು ನೋಡುತ್ತ, “ತಂಗೀ, ನನ್ನ ತಿರುಗಿ ಹೋಗುವ ಟಿಕೇಟಿನ ತಾರೀಖು ಯಾವುದು?” ಎಂದು ಕೇಳಿದರು.