ಹಳೆಯ ಕಾರಿನ ಲುಪ್ತಪಾಠ

ತಾಳೆಗರಿಯ ಪ್ರತಿಯೊಂದರ ಅಂಚು ಮುರಿದಿದ್ದರೆ ಸಂಪಾದಕನ ಮುಂದೆ ಎರಡು ದಾರಿಗಳಿರುತ್ತವೆ. ಮುರಿದ ಜಾಗದ ಎರಡು ಬದಿಯ ಅಕ್ಷರಗಳನ್ನು ನೇರವಾಗಿ ಕೂಡಿಸಿ ವಾಕ್ಯವನ್ನು ಮುಂದುವರಿಸುವುದು ಒಂದು. ಲುಪ್ತವಾದ ಮಾತು ಅಲ್ಲಿ ಯಾವ ಕೆಲಸ ಮಾಡುತ್ತಿತ್ತೆಂಬುದನ್ನು ಛಂದಸ್ಸು, ವ್ಯಾಕರಣ, ಸಂದರ್ಭಗಳಿಂದ ಅರಿತು ಅದಕ್ಕೆ ತಕ್ಕ ಪಾಠವನ್ನು ಊಹಿಸುವುದು ಇನ್ನೊಂದು. ಕಲಬುರಗಿಯಲ್ಲಿ ಮೂವತ್ತು ವರ್ಷ ಗ್ರಂಥಸಂಪಾದನೆಯನ್ನು ಬೋಧಿಸಿದ ಪ್ರಾಧ್ಯಾಪಕರೊಬ್ಬರು ಮೊದಲನೆಯ ದಾರಿ ಹಿಡಿದ ವಿದ್ಯಾರ್ಥಿಯನ್ನು ಎಂದೂ ಕ್ಷಮಿಸಿದವರಲ್ಲ. ನಿವೃತ್ತಿಯ ನಂತರ ಅದೇ ತಪ್ಪನ್ನು ಅವರು ತಮ್ಮ ಕಾರಿನ ವಿಷಯದಲ್ಲಿ ಮಾಡಿದರು.

ಕಾರು 1990ರ ದಶಕದ್ದು. ವೇತನದ ಹಿಂಬಾಕಿ ಕೈಗೆ ಬಂದಾಗ ಕೊಂಡದ್ದು. ಪತ್ನಿಯ ಹೃದಯದ ಶಸ್ತ್ರಚಿಕಿತ್ಸೆಗೆ ಉಳಿತಾಯವೆಲ್ಲ ವೆಚ್ಚವಾದ ಮೇಲೆ ಹೊಸ ಕಾರಿನ ಮಾತೇ ಉಳಿದಿರಲಿಲ್ಲ. ಆಕೆಯೂ ಹಳಗನ್ನಡ, ಸಂಸ್ಕೃತಗಳನ್ನು ಬಲ್ಲ ವಿದುಷಿ. ಗುರು ವೀರಸೇನರು ಅರ್ಧಕ್ಕೆ ಬಿಟ್ಟ ಜಯಧವಲಾ ಟೀಕೆಯನ್ನು ಜಿನಸೇನರು ಕ್ರಿ.ಶ. 837ರಲ್ಲಿ ಪೂರ್ಣಗೊಳಿಸಿದರು, ಜಿನಸೇನರು ಮುಗಿಸದೆ ಹೋದ ಮಹಾಪುರಾಣವನ್ನು ಅವರ ಶಿಷ್ಯ ಗುಣಭದ್ರರು ಮುಗಿಸಿದರು. ಒಬ್ಬರು ನಿಲ್ಲಿಸಿದಲ್ಲಿಂದ ಇನ್ನೊಬ್ಬರು ಎತ್ತಿಕೊಳ್ಳುವ ಈ ಪರಂಪರೆಯನ್ನು ಕುರಿತು ಆಕೆ ಲೇಖನವೊಂದನ್ನು ಬರೆಯುತ್ತಿದ್ದರು. ಅದನ್ನು ಮುಗಿಸುವ ಮೊದಲು ಮಳಖೇಡದ ನೇಮಿನಾಥ ಬಸದಿಯನ್ನು ಇನ್ನೊಮ್ಮೆ ನೋಡಬೇಕೆಂಬುದು ಆಕೆಯ ಬಯಕೆ. ಮಾನ್ಯಖೇಟವೆಂದು ರಾಷ್ಟ್ರಕೂಟರ ಕಾಲದಲ್ಲಿ ಹೆಸರಾಗಿದ್ದ ಆ ಊರು ಕಲಬುರಗಿಗೆ ಸುಮಾರು ನಲವತ್ತು ಕಿಲೋಮೀಟರ್ ದೂರ. ಆದರೆ ಅದು ಏಪ್ರಿಲ್ ತಿಂಗಳು. ಹೊರಗೆ ನಲವತ್ತು ಡಿಗ್ರಿಯ ಮೇಲಿನ ಬಿಸಿಲು. ಬಿಸಿಲಿಗೆ ಮೈ ಒಡ್ಡಬಾರದೆಂದು ವೈದ್ಯರ ಕಟ್ಟಪ್ಪಣೆ.

“ಜೂನ್ ತನಕ ತಡಿ, ಒಂದು ಮಳಿ ಆಗಲಿ” ಎಂದರು ಪ್ರಾಧ್ಯಾಪಕರು.

“ಜೂನ್ ನನಗ ಬರ್ತದೋ ಇಲ್ಲೋ, ಯಾರು ಕಂಡಾರ್ರಿ?” ಎಂದರು ಆಕೆ.

ಆ ಮಾತಿಗೆ ಪ್ರಾಧ್ಯಾಪಕರಲ್ಲಿ ಉತ್ತರವಿರಲಿಲ್ಲ. ಮರುದಿನವೇ ಕಾರನ್ನು ಮೆಕ್ಯಾನಿಕ್‌ನ ಶೆಡ್ಡಿಗೆ ಒಯ್ದರು. ಏಸಿ ತಿಂಗಳುಗಳಿಂದ ಕೆಟ್ಟಿತ್ತು. ಅನಿಲ ಸೋರಿರಲಿಲ್ಲ, ಕಂಪ್ರೆಸರ್ ಚೆನ್ನಾಗಿಯೇ ಇತ್ತು. ಕೆಟ್ಟಿದ್ದದ್ದು ಥರ್ಮೋಸ್ಟಾಟ್. ಡ್ಯಾಶ್‌ಬೋರ್ಡಿನ ಗುಂಡಿಯ ಹಿಂದೆ ಕೂರುವ ಸಣ್ಣ ಪೆಟ್ಟಿಗೆ ಅದು. ಅದರಿಂದ ಹೊರಟ ಕೂದಲೆಳೆಯಂಥ ತಾಮ್ರದ ನಳಿಕೆಯೊಂದರ ತುದಿ ಗಾಳಿಯನ್ನು ತಣಿಸುವ ಕಾಯಿಲ್‌ನ ರೆಕ್ಕೆಗಳ ನಡುವೆ ಹುದುಗಿರುತ್ತದೆ. ಕಾಯಿಲ್ ತಣ್ಣಗಾದಂತೆ ನಳಿಕೆಯೊಳಗಿನ ಅನಿಲದ ಒತ್ತಡ ಇಳಿದು ಸಂಪರ್ಕ ಬಿಡುತ್ತದೆ; ಕಂಪ್ರೆಸರ್‌ನ ಕ್ಲಚ್ಚಿಗೆ ವಿದ್ಯುತ್ ನಿಲ್ಲುತ್ತದೆ. ಕಾಯಿಲ್ ತುಸು ಬೆಚ್ಚಗಾದೊಡನೆ ಸಂಪರ್ಕ ಮತ್ತೆ ಕೂಡುತ್ತದೆ. ಈ ಕಾರಿನಲ್ಲಿ ನಳಿಕೆ ಸೀಳಿ ಅದರೊಳಗಿನ ಅನಿಲ ಹೋಗಿತ್ತು. ಸಂಪರ್ಕ ಶಾಶ್ವತವಾಗಿ ಬಿಟ್ಟುಕೊಂಡಿತ್ತು.

“ಈ ಸಾಮಾನು ಈಗ ಎಲ್ಲೂ ಸಿಗಂಗಿಲ್ರಿ ಸರ್. ಎರಡು ವೈರ್ ಕೂಡಿಸಿ ಕೊಡ್ತೀನಿ, ತಂಪು ಬರ್ತದ” ಎಂದ ಮೆಕ್ಯಾನಿಕ್. ಪ್ರಾಧ್ಯಾಪಕರು ಒಪ್ಪಿದರು. ಹತ್ತು ನಿಮಿಷಗಳ ಕೆಲಸ. ಶೆಡ್ಡಿನಿಂದ ಮನೆಯವರೆಗೆ ಕಾರು ಹಿಮದಂತೆ ತಂಪಾಗಿತ್ತು.

ಮಳಖೇಡದ ದಾರಿಯಲ್ಲಿ ಅರ್ಧ ಗಂಟೆ ಕಳೆಯುವಷ್ಟರಲ್ಲಿ ಗಾಳಿ ಕ್ಷೀಣಿಸತೊಡಗಿತು. ಫ್ಯಾನಿನ ಸದ್ದು ಇತ್ತು, ಗಾಳಿ ಇರಲಿಲ್ಲ. “ಗಾಳಿ ಬರವಲ್ದು ನೋಡ್ರಿ” ಎಂದ ಆಕೆಯ ಹಣೆಯಲ್ಲಿ ಬೆವರು ಮೂಡಿತ್ತು. ನಿಲ್ಲಲು ಬಿಡುವವರಿಲ್ಲದ ಕಂಪ್ರೆಸರ್ ಕಾಯಿಲನ್ನು ಸೊನ್ನೆಗಿಂತ ಕೆಳಗೆ ಇಳಿಸಿತ್ತು. ಗಾಳಿಯ ತೇವವೆಲ್ಲ ಅಲ್ಲಿ ಮಂಜುಗಡ್ಡೆಯಾಗಿ ರೆಕ್ಕೆಗಳ ನಡುವಿನ ಸಂದುಗಳನ್ನು ಮುಚ್ಚಿತ್ತು. ಅತಿಯಾದ ತಂಪೇ ತಂಪಿನ ದಾರಿಯನ್ನು ಕಟ್ಟಿತ್ತು. ಪ್ರಾಧ್ಯಾಪಕರು ಕಾರನ್ನು ಬೇವಿನ ಮರವೊಂದರ ನೆರಳಿಗೆ ತಂದು, ಪತ್ನಿಯ ಮುಖಕ್ಕೆ ನೀರು ಚಿಮುಕಿಸಿ, ಒಂದು ಗಂಟೆ ಕಾದು ಮನೆಗೆ ಮರಳಿದರು. ಬಸದಿಯ ದರ್ಶನವಾಗಲಿಲ್ಲ.

ಆ ರಾತ್ರಿ ಆಕೆ ಮೆಲುದನಿಯಲ್ಲಿ ಹೇಳಿದ್ದು ಒಂದೇ ಮಾತು: “ನಡುವಿನ ಅಕ್ಷರ ಬಿಟ್ಟು ಆಚೀಚಿನವು ಕೂಡಿಸಿಬಿಟ್ರಲ್ರಿ ನೀವು.”

ವಾಹನಗಳ ತಂಪುಯಂತ್ರದ ಚರಿತ್ರೆಯೂ ಇದೇ ಕೊರತೆಯಿಂದಲೇ ಆರಂಭವಾದದ್ದು. ಅಮೆರಿಕದ ಪ್ಯಾಕರ್ಡ್ ಕಂಪನಿ 1939ರ ಕೊನೆಯಲ್ಲಿ ಪ್ರದರ್ಶಿಸಿದ ತಂಪುಗಾಳಿಯ ಕಾರಿನಲ್ಲಿ ಥರ್ಮೋಸ್ಟಾಟ್ ಇರಲಿಲ್ಲ. ಕಂಪ್ರೆಸರನ್ನು ಬಿಡಿಸುವ ಕ್ಲಚ್ಚೂ ಇರಲಿಲ್ಲ. ತಂಪು ಬೇಡವೆನಿಸಿದರೆ ಎಂಜಿನ್ ನಿಲ್ಲಿಸಿ, ಬಾನೆಟ್ ತೆರೆದು, ಬೆಲ್ಟನ್ನೇ ಕಳಚಬೇಕಾಗುತ್ತಿತ್ತು. ಸವಾರನು ಬಯಸಿದ ಉಷ್ಣತೆಯನ್ನು ತಾನೇ ಕಾಯ್ದುಕೊಳ್ಳುವ ವ್ಯವಸ್ಥೆ ಕ್ಯಾಡಿಲ್ಯಾಕ್ ಕಾರುಗಳಲ್ಲಿ ಬಂದದ್ದು 1964ರ ಮಾದರಿಗಳಿಗೆ. ಇನ್ನೂ ಹಿಂದಕ್ಕೆ ಹೋದರೆ, ವಿಲಿಸ್ ಕ್ಯಾರಿಯರ್ 1902ರಲ್ಲಿ ಹವಾನಿಯಂತ್ರಣದ ಮೊದಲ ವಿನ್ಯಾಸವನ್ನು ರೂಪಿಸಿದ್ದು ಮನುಷ್ಯರ ಸುಖಕ್ಕಾಗಿ ಅಲ್ಲ; ಬ್ರೂಕ್ಲಿನ್‌ನ ಮುದ್ರಣಾಲಯವೊಂದರ ಕಾಗದಕ್ಕಾಗಿ. ಗಾಳಿಯ ತೇವ ಏರಿಳಿದಂತೆ ಕಾಗದ ಹಿಗ್ಗಿ ಕುಗ್ಗಿ ಬಣ್ಣದ ಅಚ್ಚುಗಳು ಒಂದರ ಮೇಲೊಂದು ಸರಿಯಾಗಿ ಕೂರುತ್ತಿರಲಿಲ್ಲ. ಅಲ್ಲಿ ಬೇಕಾದದ್ದು ಬರಿಯ ತಂಪಲ್ಲ, ಹದ.

ಪ್ರಾಧ್ಯಾಪಕರ ಎರಡನೆಯ ಪ್ರಯತ್ನ ಕೈಯ ಸ್ವಿಚ್ಚು. ಕೂಡಿಸಿದ ವೈರುಗಳನ್ನು ಬಿಡಿಸಿ, ನಡುವೆ ಸಾಧಾರಣ ಸ್ವಿಚ್ಚೊಂದನ್ನು ಡ್ಯಾಶ್‌ಬೋರ್ಡಿನ ಕೆಳಗೆ ಕೂರಿಸಲಾಯಿತು. ಪತ್ನಿ ಗಡಿಯಾರ ನೋಡುತ್ತ ಹನ್ನೆರಡು ನಿಮಿಷ ಹಾಕಿ ನಾಲ್ಕು ನಿಮಿಷ ಆರಿಸುತ್ತಿದ್ದರು. ಮುಂಜಾನೆ ಊರೊಳಗಿನ ಸಣ್ಣ ಓಡಾಟಗಳಲ್ಲಿ ಅದನ್ನೆಲ್ಲ ಪುಸ್ತಕದಲ್ಲಿ ಬರೆದಿಟ್ಟರು. ಒಂದು ವಾರದಲ್ಲಿ ಆ ಪುಟಗಳಿಂದ ಒಂದು ವಿಷಯ ಸ್ಪಷ್ಟವಾಯಿತು: ಯಾವ ನಿಗದಿತ ಅವಧಿಯೂ ಎಲ್ಲ ಹೊತ್ತಿಗೆ ಸಲ್ಲದು. ಕಂಪ್ರೆಸರ್ ಎಂಜಿನ್ನಿನ ವೇಗದಲ್ಲಿ ತಿರುಗುವುದರಿಂದ ಬಯಲಿನ ರಸ್ತೆಯಲ್ಲಿ ಬೇಗ ಮಂಜುಗಟ್ಟುತ್ತದೆ, ಸಿಗ್ನಲ್ಲಿನಲ್ಲಿ ನಿಧಾನ. ಗಾಳಿಯ ತೇವ ಬೇರೆ, ಫ್ಯಾನಿನ ವೇಗ ಬೇರೆ. ಕಳೆದುಹೋದ ನಳಿಕೆ ಕಾಲವನ್ನು ಎಣಿಸುತ್ತಿರಲಿಲ್ಲ. ಕಾಯಿಲನ್ನು ಮುಟ್ಟಿ ನೋಡುತ್ತಿತ್ತು. ಬದಲಿಯಾಗಿ ಬರುವುದು ಏನೇ ಆಗಿರಲಿ, ಅದೂ ಕಾಯಿಲನ್ನು ಮುಟ್ಟಿಯೇ ತಿಳಿಯಬೇಕು.

ಮನೆಯ ಫ್ರಿಜ್ಜಿನ ಥರ್ಮೋಸ್ಟಾಟ್ ಹಾಕೋಣವೆಂದ ಮೆಕ್ಯಾನಿಕ್. ಅದು ಸಂಪರ್ಕ ಬಿಡುವುದು ಸೊನ್ನೆಗಿಂತ ಬಹಳ ಕೆಳಗೆ. ಮತ್ತೆ ಮಂಜುಗಡ್ಡೆಯೇ ಗತಿ. ಕೊನೆಗೆ ಎಲೆಕ್ಟ್ರಾನಿಕ್ಸ್ ಅಂಗಡಿಯಲ್ಲಿ ಸಿಕ್ಕಿದ್ದು 12 ವೋಲ್ಟಿನ ಪುಟ್ಟ ಉಷ್ಣತಾ ನಿಯಂತ್ರಕ: ಒಂದು ಸಂವೇದಕದ ತಂತಿ, ಕೆಂಪು ಅಂಕಿಗಳ ಫಲಕ, ಒಂದು ರಿಲೇ. ಮೊಟ್ಟೆ ಮರಿ ಮಾಡುವ ಪೆಟ್ಟಿಗೆಗಳಿಗೆಂದು ಜನ ಅದನ್ನು ಕೊಳ್ಳುತ್ತಾರೆಂದು ಅಂಗಡಿಯವನು ತಿಳಿಸಿದ. ಥರ್ಮೋಸ್ಟಾಟಿನ ಕಥೆ ಅಲ್ಲಿಗೇ ಮರಳಿದಂತಾಯಿತು. 17ನೆಯ ಶತಮಾನದ ಆರಂಭದಲ್ಲಿ ಕಾರ್ನೆಲಿಸ್ ಡ್ರೆಬೆಲ್ ತನ್ನ ನಿಯಂತ್ರಕವನ್ನು ಅಳವಡಿಸಿದ್ದೂ ಮೊಟ್ಟೆಗೆ ಕಾವು ಕೊಡುವ ಕುಲುಮೆಗೇ.

ಜೋಡಣೆಗೆ ಎರಡು ದಿನ ಹಿಡಿಯಿತು. ಸಂವೇದಕವನ್ನು ಹಳೆಯ ನಳಿಕೆಯ ತುದಿ ಇದ್ದ ರಂಧ್ರದಲ್ಲಿಯೇ ಹುದುಗಿಸಿದರು. ಕ್ಲಚ್ಚು ಎಳೆಯುವ ಮೂರು ನಾಲ್ಕು ಆಂಪಿಯರ್ ವಿದ್ಯುತ್ತಿನ ಹೊರೆ ಪುಟ್ಟ ಫಲಕದ ಮೇಲೆ ಬೀಳದಂತೆ ಕಾರಿನ ರಿಲೇ ಒಂದನ್ನು, ಅದಕ್ಕೊಂದು ಫ್ಯೂಸನ್ನು ಸೇರಿಸಿದರು. ಅನಿಲದ ಒತ್ತಡವನ್ನು ಕಾಯುವ ಸ್ವಿಚ್ಚನ್ನು ಮಾತ್ರ ಪ್ರಾಧ್ಯಾಪಕರು ಮುಟ್ಟಗೊಡಲಿಲ್ಲ. ಅದು ಇನ್ನೂ ಅಳಿಯದೆ ಉಳಿದ ಮೂಲಪಾಠ. ಮೊದಲ ದಿನ ಕಂಪ್ರೆಸರ್ ಅಲುಗಲೇ ಇಲ್ಲ. ನಿಯಂತ್ರಕ ಕಾವು ಕೊಡುವ ಕ್ರಮದಲ್ಲಿ ನಿಂತಿದ್ದರಿಂದ ಬಿಸಿ ಕಂಡಾಗ ತನ್ನ ಕೆಲಸ ಮುಗಿಯಿತೆಂದು ಸುಮ್ಮನಾಗಿತ್ತು. ಅದನ್ನು ತಂಪಿನ ಕ್ರಮಕ್ಕೆ ತಿರುಗಿಸಿ, ಎರಡು ಡಿಗ್ರಿಗೆ ಬಿಡುವಂತೆ, ಐದು ಡಿಗ್ರಿಗೆ ಹಿಡಿಯುವಂತೆ ಗೊತ್ತುಪಡಿಸಿದರು. ಈ ಮೂರು ಡಿಗ್ರಿಗಳ ಅಂತರವಿಲ್ಲದಿದ್ದರೆ ಕ್ಲಚ್ಚು ಕ್ಷಣಕ್ಷಣಕ್ಕೂ ಹಿಡಿದು ಬಿಟ್ಟು ಬೇಗನೆ ಸವೆಯುತ್ತದೆ.

ಮೇ ತಿಂಗಳ ಮೊದಲ ವಾರ ಅವರು ನಸುಕಿನಲ್ಲೇ ಮಳಖೇಡಕ್ಕೆ ಹೊರಟರು. ಕೆಂಪು ಅಂಕಿಗಳು ಐದು, ನಾಲ್ಕು, ಮೂರು, ಎರಡು ಎಂದು ಇಳಿದು, ರಿಲೇ ಟಿಕ್ಕೆಂದು ಸದ್ದು ಮಾಡಿ, ಮತ್ತೆ ಐದಕ್ಕೆ ಏರುತ್ತಿದ್ದವು. ಪ್ರಾಧ್ಯಾಪಕರು ಅಂಕಿಗಳನ್ನು ನೋಡುತ್ತಿದ್ದರು. ಪತ್ನಿ ಕಾಗಿಣಾ ನದಿಯ ಕಡೆಗಿನ ಹೊಲಗಳನ್ನು ನೋಡುತ್ತಿದ್ದರು. ಕೈಯ ಸ್ವಿಚ್ಚನ್ನು ತೆಗೆಸಲು ಆಕೆ ಒಪ್ಪಿರಲಿಲ್ಲ. ಹೊಸ ಪಾಠ ಎಂದಾದರೂ ತಪ್ಪಿದರೆ ಇರಲೆಂದು ಅದು ಡ್ಯಾಶ್‌ಬೋರ್ಡಿನ ಕೆಳಗೆ ಹಾಗೆಯೇ ಉಳಿದಿತ್ತು, ಅಡಿಟಿಪ್ಪಣಿಯಲ್ಲಿ ಉಳಿಸಿಕೊಂಡ ಪಾಠಾಂತರದ ಹಾಗೆ.

ಎಂಟು ಗಂಟೆಯ ಮೊದಲೇ ಬಸದಿ ತಲುಪಿದರು. ಕಲ್ಲಿನ ಕಂಬಗಳ ನಡುವೆ ಇನ್ನೂ ರಾತ್ರಿಯ ತಂಪಿತ್ತು. ಆಕೆ ಅಲ್ಲಿ ಕುಳಿತು ಲೇಖನದ ಕೊನೆಯ ಪುಟದ ಟಿಪ್ಪಣಿಗಳನ್ನು ಬರೆದುಕೊಂಡರು. ಪ್ರಾಧ್ಯಾಪಕರು ಹೊರಗೆ ನೆರಳಿನಲ್ಲಿ ಕಾರನ್ನು ನಿಲ್ಲಿಸಿ, ಬಾನೆಟ್ ತೆರೆದು, ಸಂಪರ್ಕದ ತಂತಿಗಳು ಬಿಗಿಯಾಗಿವೆಯೇ ಎಂದು ಮತ್ತೊಮ್ಮೆ ಮುಟ್ಟಿ ನೋಡಿದರು.