ಲೇಖಕನೇ ಕಥಾನಾಯಕನಾದಾಗ

ಪತ್ತೇದಾರಿ ಕಾದಂಬರಿಗಳ ಹುಚ್ಚು ನನಗಿತ್ತೆಂದರೆ ನನ್ನ ಹಳೆಯ ವಿದ್ಯಾರ್ಥಿಗಳಲ್ಲಿ ಅನೇಕರು ನಂಬಲಾರರು. ಮೇಜಿನ ಕೆಳಗೆ ಅಂಥ ಪುಸ್ತಕಗಳನ್ನಿಟ್ಟು ಓದುತ್ತಿದ್ದವರಿಂದ ಅವನ್ನು ಕಸಿದುಕೊಳ್ಳುತ್ತಿದ್ದವನು ನಾನೇ ಅಲ್ಲವೇ? ಆದರೆ ಹಾಗೆ ಕಸಿದುಕೊಂಡ ಪುಸ್ತಕವನ್ನು ಹಿಂದಿರುಗಿಸುವ ಮುನ್ನ ರಾತ್ರಿ ಕುಳಿತು ಓದಿ ಮುಗಿಸುತ್ತಿದ್ದವನೂ ನಾನೇ ಎಂಬುದನ್ನು ಈಗ ಒಪ್ಪಿಕೊಳ್ಳುತ್ತೇನೆ. ನನ್ನ ಬಾಲ್ಯದ ಬೇಸಿಗೆ ರಜೆಗಳೆಲ್ಲ ಎನ್. ನರಸಿಂಹಯ್ಯನವರ ಪತ್ತೇದಾರ ಪುರುಷೋತ್ತಮನ ಬೆನ್ನು ಹತ್ತಿಯೇ ಕಳೆದವು. ಮೇಷ್ಟರಾದ ಮೇಲೆ ಮಾತ್ರ ಆ ರುಚಿಯನ್ನು ಬಚ್ಚಿಟ್ಟುಕೊಳ್ಳಬೇಕಾಯಿತು.

ನಿವೃತ್ತಿಯ ಅನಂತರ ಬಚ್ಚಿಡುವ ಅಗತ್ಯವಿಲ್ಲ. ಇಂಗ್ಲಿಷಿನ ರಹಸ್ಯ ಕಾದಂಬರಿಗಳನ್ನು ನಿಧಾನವಾಗಿ, ಕೆಲವನ್ನು ನಿಘಂಟು ಪಕ್ಕದಲ್ಲಿಟ್ಟುಕೊಂಡು ಓದುತ್ತಿದ್ದೇನೆ. ಓದುತ್ತಾ ಹೋದಂತೆ ಒಂದು ಸಂಗತಿ ಗಮನಕ್ಕೆ ಬಂದಿತು. ಈ ಬಗೆಯ ಎಷ್ಟೋ ಕಾದಂಬರಿಗಳಲ್ಲಿ ಮುಖ್ಯ ಪಾತ್ರ ಪೊಲೀಸನೂ ಅಲ್ಲ, ಕಳ್ಳನೂ ಅಲ್ಲ, ಲೇಖಕ. ಬರೆಯುವವನನ್ನೇ ಅಪಾಯದ ನಡುವೆ ನಿಲ್ಲಿಸುವುದರಲ್ಲಿ ಬರೆಯುವವರಿಗೆ ಏನೋ ಒಂದು ಆಸಕ್ತಿ ಇದ್ದಂತಿದೆ.

ಡೊರೊಥಿ ಸೇಯರ್ಸ್ 1930ರಲ್ಲಿ ಪ್ರಕಟಿಸಿದ ‘ಸ್ಟ್ರಾಂಗ್ ಪಾಯ್ಸನ್’ ಕಾದಂಬರಿಯನ್ನೇ ನೋಡಿ. ಹ್ಯಾರಿಯೆಟ್ ವೇನ್ ಎಂಬ ಪತ್ತೇದಾರಿ ಕಾದಂಬರಿಗಾರ್ತಿ ಅಲ್ಲಿ ಕೊಲೆಯ ಆರೋಪ ಹೊತ್ತು ಕಟಕಟೆಯಲ್ಲಿ ನಿಂತಿದ್ದಾಳೆ. ಅವಳ ಹಿಂದಿನ ಪ್ರಿಯಕರ ಪಾಷಾಣದಿಂದ ಸತ್ತಿದ್ದಾನೆ. ಅವಳಾದರೋ ಪಾಷಾಣವನ್ನು ಕುರಿತೇ ಕಾದಂಬರಿ ಬರೆಯುತ್ತಿದ್ದವಳು. ಅಂಗಡಿಯಲ್ಲಿ ಅದು ಎಷ್ಟು ಸುಲಭವಾಗಿ ಸಿಗುತ್ತದೆಂದು ಪರೀಕ್ಷಿಸಲು ಸುಳ್ಳು ಹೆಸರಿನಲ್ಲಿ ಕೊಂಡೂ ಇದ್ದಳು. ಕಥೆಗಾಗಿ ಮಾಡಿದ ಸಿದ್ಧತೆಯೇ ನ್ಯಾಯಾಲಯದಲ್ಲಿ ಸಾಕ್ಷ್ಯವಾಯಿತು.

ಅಗಾಥಾ ಕ್ರಿಸ್ಟಿಯ ಅರಿಯಾಡ್ನಿ ಆಲಿವರ್ ನಗೆ ತರಿಸುವ ಪಾತ್ರ. 1936ರ ‘ಕಾರ್ಡ್ಸ್ ಆನ್ ದ ಟೇಬಲ್’ ಕಾದಂಬರಿಯಲ್ಲಿ ಹರ್ಕ್ಯುಲ್ ಪೊಯ್ರೋನೊಡನೆ ಆಕೆ ಕಾಣಿಸಿಕೊಳ್ಳುತ್ತಾಳೆ. ಆಕೆಯ ಕಾದಂಬರಿಗಳ ಪತ್ತೇದಾರ ಫಿನ್ಲೆಂಡಿನವನು. ಆಕೆಗೋ ಫಿನ್ಲೆಂಡಿನ ಬಗ್ಗೆ ಏನೂ ತಿಳಿಯದು. ಅವನ ಸಹವಾಸ ಆಕೆಗೆ ಸಾಕಾಗಿಹೋಗಿದೆ, ಓದುಗರು ಮಾತ್ರ ಬಿಡುತ್ತಿಲ್ಲ. ಬೆಲ್ಜಿಯಂ ದೇಶದ ಪೊಯ್ರೋನನ್ನು ಸೃಷ್ಟಿಸಿ, ಅವನಿಂದ ಬೇಸತ್ತೂ ದಶಕಗಳ ಕಾಲ ಬಿಡಿಸಿಕೊಳ್ಳಲಾಗದ ಕ್ರಿಸ್ಟಿ ತನ್ನನ್ನು ತಾನೇ ಹಾಸ್ಯ ಮಾಡಿಕೊಂಡ ಬಗೆ ಇದು. ನಮ್ಮ ದೇಶದಲ್ಲಿ ಸತ್ಯಜಿತ್ ರಾಯ್ ಅವರ ಫೆಲೂದಾ ಕಥೆಗಳ ಲಾಲಮೋಹನ ಗಂಗೂಲಿಯೂ ಇದೇ ವಂಶದವನು. ‘ಜಟಾಯು’ ಎಂಬ ಕಾವ್ಯನಾಮದಲ್ಲಿ ರೋಮಾಂಚಕ ಕಾದಂಬರಿಗಳನ್ನು ಬರೆಯುವ ಈ ಸಾಧು ಮನುಷ್ಯನ ತಪ್ಪುಗಳನ್ನು ಫೆಲೂದಾ ತಿದ್ದುತ್ತಿರುತ್ತಾನೆ. 1974ರ ‘ಸೋನಾರ್ ಕೆಲ್ಲಾ’ ಚಿತ್ರವನ್ನು ಕಂಡವರು ಅವನನ್ನು ಮರೆಯಲಾರರು.

ಇವೆಲ್ಲ ಸಂತೋಷದ ಓದು. ನನ್ನನ್ನು ಕಲಕಿದ್ದು ಬೇರೊಂದು ಪುಸ್ತಕ, ಅಮೆರಿಕದ ಸ್ಟೀಫನ್ ಕಿಂಗ್ 1987ರಲ್ಲಿ ಪ್ರಕಟಿಸಿದ ‘ಮಿಸರಿ’. ಮಗ ಬಿಟ್ಟುಹೋದ ಪುಸ್ತಕಗಳ ನಡುವೆ ಸಿಕ್ಕಿತು. ಪಾಲ್ ಶೆಲ್ಡನ್ ಎಂಬ ಜನಪ್ರಿಯ ಕಾದಂಬರಿಕಾರ ತನ್ನ ಕಥಾಮಾಲೆಯ ನಾಯಕಿ ಮಿಸರಿಯನ್ನು ಸಾಯಿಸಿ, ಕೊನೆಗೂ ತನಗೆ ಇಷ್ಟವಾದ ಬೇರೆ ಬಗೆಯ ಕಾದಂಬರಿಯೊಂದನ್ನು ಬರೆದು ಮುಗಿಸಿದ್ದಾನೆ. ಕೊಲೊರಾಡೋದ ಹಿಮದಲ್ಲಿ ಅವನ ಕಾರು ಅಪಘಾತಕ್ಕೀಡಾಗುತ್ತದೆ. ಕಾಲು ಮುರಿದು ಬಿದ್ದವನನ್ನು ತನ್ನ ಮನೆಗೆ ಎತ್ತಿಕೊಂಡು ಹೋಗಿ ಉಪಚರಿಸುವವಳು ಆನಿ ವಿಲ್ಕ್ಸ್ ಎಂಬ ಮಾಜಿ ದಾದಿ, ಅವನ ಪರಮ ಅಭಿಮಾನಿ. ಮಿಸರಿ ಸತ್ತ ಸುದ್ದಿ ತಿಳಿದೊಡನೆ ಅಭಿಮಾನ ಕ್ರೌರ್ಯವಾಗುತ್ತದೆ. ಅವನ ಹೊಸ ಕಾದಂಬರಿಯ ಏಕೈಕ ಹಸ್ತಪ್ರತಿಯನ್ನು ಅವನ ಕೈಯಿಂದಲೇ ಸುಡಿಸುತ್ತಾಳೆ. ‘ಎನ್’ ಅಕ್ಷರದ ಕೀಲಿ ಇಲ್ಲದ ಹಳೆಯ ಟೈಪ್‌ರೈಟರ್ ತಂದಿಟ್ಟು, ಮಿಸರಿಯನ್ನು ಬದುಕಿಸು ಎಂದು ಅಪ್ಪಣೆ ಮಾಡುತ್ತಾಳೆ. ಇದು 1990ರಲ್ಲಿ ಚಲನಚಿತ್ರವಾಗಿ, ಆನಿಯ ಪಾತ್ರ ವಹಿಸಿದ ಕ್ಯಾಥಿ ಬೇಟ್ಸ್ ಆಸ್ಕರ್ ಪಡೆದರು. ಕಾದಂಬರಿಯ ಕೊನೆಯನ್ನು ನಾನು ಹೇಳುವುದಿಲ್ಲ. ಅದು ರಹಸ್ಯ ಕಾದಂಬರಿ ಓದುವವರ ನಡುವಿನ ಧರ್ಮ.

ಹಸ್ತಪ್ರತಿಯನ್ನು ಸುಡುವ ಪ್ರಸಂಗಕ್ಕೆ ಬಂದಾಗ ಪುಸ್ತಕವನ್ನು ಮಡಚಿಟ್ಟೆ. ಎರಡು ದಿನ ಮುಂದೆ ಓದಲಾಗಲಿಲ್ಲ. ಕಾರಣವನ್ನು ಇಂದಿನವರೆಗೂ ಯಾರಿಗೂ ಹೇಳಿರಲಿಲ್ಲ.

1992ರ ಸುಮಾರು. ನಾನು ಶಾಲೆಯ ವಾರ್ಷಿಕ ಸಂಚಿಕೆಯ ಸಂಪಾದಕ. ಒಂಬತ್ತನೆಯ ತರಗತಿಯ ಹುಡುಗನೊಬ್ಬ ಒಂದು ಕಥೆ ತಂದುಕೊಟ್ಟ. ಒಂದು ಊರಿನಲ್ಲಿ ಒಬ್ಬ ಕಥೆಗಾರ. ದೇವಸ್ಥಾನದ ಕಳ್ಳತನವನ್ನು ಕುರಿತು ಅವನೊಂದು ಕಥೆ ಬರೆಯುತ್ತಾನೆ. ಮರುವಾರ ಅದೇ ರೀತಿಯಲ್ಲಿ ಕಳ್ಳತನವಾಗುತ್ತದೆ. ಊರವರೆಲ್ಲ ಅವನನ್ನೇ ಶಂಕಿಸುತ್ತಾರೆ. ಕಳ್ಳ ಸಿಗುವುದೇ ಇಲ್ಲ. ಕೊನೆಯಲ್ಲಿ ಕಥೆಗಾರ ಮತ್ತೆ ಬರೆಯಲು ಕುಳಿತರೆ, ಬರೆದದ್ದು ನಡೆದುಬಿಟ್ಟರೆ ಎಂಬ ಭಯದಿಂದ ಲೇಖನಿ ಮುಂದೆ ಸಾಗುವುದಿಲ್ಲ. ಹದಿನಾಲ್ಕು ವರ್ಷದ ಬಾಲಕ ಬರೆದದ್ದು ಅಷ್ಟು. ಹ್ಯಾರಿಯೆಟ್ ವೇನಳ ಹೆಸರನ್ನು ಅವನೂ ಕೇಳಿರಲಿಲ್ಲ, ನಾನೂ ಕೇಳಿರಲಿಲ್ಲ.

ನಾನು ಮಾಡಿದ್ದೇನು? ಕಥೆಯಿಂದ ನೀತಿ ಬರಬೇಕು, ಕಳ್ಳನಿಗೆ ಶಿಕ್ಷೆಯಾಗಬೇಕು ಎಂದೆ. ಕಥೆಗಾರನ ಬದಲು ಒಬ್ಬ ರೈತನಿರಲಿ ಎಂದೆ. “ಹಳೆಯದನ್ನು ಹರಿದುಹಾಕು, ಹೊಸದಾಗಿ ಬರೆ” ಎಂದೆ. ಅವನು ನನ್ನೆದುರಿಗೇ ಆ ಹಾಳೆಗಳನ್ನು ಹರಿದ. ಮೂರನೆಯ ದಿನ ನಾನು ಹೇಳಿದಂತೆಯೇ ಬರೆದು ತಂದ. ಸಂಚಿಕೆಯಲ್ಲಿ ಅಚ್ಚಾಯಿತು, ಮುಖ್ಯೋಪಾಧ್ಯಾಯರು ಮೆಚ್ಚಿಕೊಂಡರು. ಮರುವರ್ಷ ಮತ್ತೊಂದು ಕಥೆ ಕೊಡಪ್ಪಾ ಎಂದು ಕೇಳಿದಾಗ ಅವನು ಬಹಳ ವಿನಯದಿಂದ, “ಏನು ಬರೀಬೇಕು ಅಂತ ನೀವೇ ಹೇಳಿ ಸಾರ್, ಹಾಗೇ ಬರೀತೀನಿ” ಎಂದ. ಆಗ ನಾನು ಅದನ್ನು ಗುರುಭಕ್ತಿ ಎಂದು ತಿಳಿದೆ.

ಇನ್ನೊಂದು ಮಾತನ್ನೂ ಹೇಳಿಬಿಡುತ್ತೇನೆ. ಪಾಲ್ ಮೊದಲು ಹೇಗೋ ಒಂದು ನೆಪ ಹೂಡಿ ಮಿಸರಿಯನ್ನು ಬದುಕಿಸಿದಾಗ ಆನಿ ಅದನ್ನು ಒಪ್ಪುವುದಿಲ್ಲ. ಹಿಂದಿನ ಕಥೆಗೆ ಮೋಸವಾಗಬಾರದು, ನಡೆದದ್ದನ್ನು ನಡೆದಿಲ್ಲವೆನ್ನಬಾರದು ಎಂದು ಹಟ ಹಿಡಿಯುತ್ತಾಳೆ. ಅವಳು ಕೊಲೆಗಾತಿ, ಹುಚ್ಚಿ. ಆದರೂ ಕಥೆ ಪ್ರಾಮಾಣಿಕವಾಗಿರಬೇಕೆಂದು ಬಲ್ಲವಳು. ನಾನು ಬಿ.ಎಡ್. ಮಾಡಿದವನು, ಕಥೆಯನ್ನು ಸುಳ್ಳಾಗಿಸು ಎಂದು ಹುಡುಗನಿಗೆ ಕಲಿಸಿದೆ. ಓದುಗರಾಗಿ ನೋಡಿದರೆ ಅವಳೇ ನನಗಿಂತ ಮೇಲು.

ಕೆಲವು ವರ್ಷಗಳ ಹಿಂದೆ ಒಂದು ಮದುವೆಯಲ್ಲಿ ಆತ ಸಿಕ್ಕಿದ್ದ. ಒಳ್ಳೆಯ ಉದ್ಯೋಗ, ಇಬ್ಬರು ಮಕ್ಕಳು. ಕಾಲಿಗೆ ನಮಸ್ಕರಿಸಿ, ನಾನು ಕಲಿಸಿದ ವ್ಯಾಕರಣವನ್ನು ಹೊಗಳಿದ. ಈಗಲೂ ಬರೆಯುತ್ತೀಯಾ ಎಂದು ಕೇಳಿದ್ದಕ್ಕೆ, “ಆಫೀಸಿನ ಪತ್ರ ಬರೀತೀನಿ ಸಾರ್” ಎಂದು ನಕ್ಕ. ನಾನೂ ನಕ್ಕೆ. ಆಗಿನ್ನೂ ‘ಮಿಸರಿ’ ಓದಿರಲಿಲ್ಲ.

ಅವನು ಬರೆಯುವುದನ್ನು ನಿಲ್ಲಿಸಲು ನಾನೊಬ್ಬನೇ ಕಾರಣವೆಂದು ಹೇಳುವುದು ಅಹಂಕಾರವಾದೀತು. ಬದುಕಿನಲ್ಲಿ ಬೇರೆ ಕಾರಣಗಳೂ ಇರುತ್ತವೆ. ಆದರೆ ಅವನ ಕಥೆಯ ಮೊದಲ ಓದುಗ ನಾನಾಗಿದ್ದೆ. ನಿಮ್ಮಲ್ಲಿ ಈಗ ಶಿಕ್ಷಕರಾಗಿರುವವರು ಹಲವರಿದ್ದೀರಿ. ಮಕ್ಕಳು ಬರೆದು ತಂದಾಗ ಕಾಗುಣಿತವನ್ನು ಅವಶ್ಯವಾಗಿ ತಿದ್ದಿ, ಒತ್ತಕ್ಷರವನ್ನು ತಿದ್ದಿ. ಕಥೆಯ ಮುಕ್ತಾಯವನ್ನು ಮಾತ್ರ ಅವರಿಗೇ ಬಿಡಿ.

ಅವನ ಆ ಕಥೆ ನನಗಿನ್ನೂ ನೆನಪಿದೆ. ನೆನಪಿದ್ದಷ್ಟನ್ನು ಒಂದು ನೋಟು ಪುಸ್ತಕದಲ್ಲಿ ಬರೆದಿಟ್ಟಿದ್ದೇನೆ. ಈ ಯುಗಾದಿಯೊಳಗೆ ಅವನ ವಿಳಾಸ ಹುಡುಕಿ ತಲುಪಿಸಬೇಕು.